ಗಣಿ ಕಾರ್ಮಿಕನ ಮಗಳು ಲೊರೆಟ್ಟಾ ಲಿನ್

ಕೆಜಿಎಫ್‌ನ ಚಾಂಪಿಯನ್ ರೀಫ್‌ನಲ್ಲಿ ನಾನು ಇಂಗ್ಲಿಷ್ ಟ್ಯೂಷನ್‌ಗೆ ಹೋಗುತ್ತಿದ್ದ ಆಂಗ್ಲೋ ಇಂಡಿಯನ್ ಆಂಟಿಯ ಮನೆಯಲ್ಲಿ, ಕ್ರಿಸ್‌ಮಸ್ ಹತ್ತಿರವಾಯಿತೆಂದರೆ ಅಮೆರಿಕದ ಗಾಯಕ ಜಿಮ್ ರೀವ್ಸ್ ಅವರ ಕ್ಯಾಸೆಟ್ ಒಂದೇ ಸಮನೆ ಓಡುತ್ತಿತ್ತು. ಆ ದನಿ ಎಷ್ಟು ನಯವೆಂದರೆ ಎರಡನೆಯ ಹಾಡಿಗೇ ನನಗೆ ನಿದ್ದೆ ಹತ್ತುತ್ತಿತ್ತು. ಒಂದು ಸಂಜೆ ಆಂಟಿ ಕ್ಯಾಸೆಟ್ ಬದಲಿಸಿದಾಗ, ಹಿತ್ತಲಿನಲ್ಲಿ ನಿಂತು ಯಾರನ್ನೋ ಕೂಗಿ ಕರೆಯುವಂತೆ ಹಾಡುವ ಹೆಂಗಸೊಬ್ಬರ ದನಿ ಕೇಳಿಸಿತು. ಹಾಡಿನಲ್ಲಿ ಅರ್ಧವೂ ಅರ್ಥವಾಗಲಿಲ್ಲ. ಗಣಿ ಕಾರ್ಮಿಕನ ಮಗಳು ಎಂಬುದಷ್ಟೇ ತಿಳಿಯಿತು. ಶಾಲೆಯ ಅರ್ಜಿಯಲ್ಲಿ ತಂದೆಯ ಉದ್ಯೋಗದ ಮುಂದೆ ನಾನೂ ‘ಮೈನರ್’ ಎಂದೇ ಬರೆಯುತ್ತಿದ್ದೆನಲ್ಲ.

ಆ ದನಿ ಅಮೆರಿಕದ ಹಳ್ಳಿಗಾಡಿನ ‘ಕಂಟ್ರಿ’ ಸಂಗೀತದ ಗಾಯಕಿ ಲೊರೆಟ್ಟಾ ಲಿನ್ ಅವರದು. ಅವರು ಹುಟ್ಟಿದ್ದು 1932ರ ಏಪ್ರಿಲ್ 14ರಂದು, ಅಮೆರಿಕದ ಕೆಂಟಕಿ ರಾಜ್ಯದ ಬುಚರ್ ಹಾಲೋ ಎಂಬ ಗುಡ್ಡಗಾಡಿನ ಊರಿನಲ್ಲಿ. ಎಂಟು ಮಕ್ಕಳಲ್ಲಿ ಎರಡನೆಯವರು. ತಂದೆ ಟೆಡ್ ವೆಬ್, ಹತ್ತಿರದ ವ್ಯಾನ್ ಲಿಯರ್ ಎಂಬ ಊರಿನ ಕಲ್ಲಿದ್ದಲು ಗಣಿಯಲ್ಲಿ ದುಡಿಯುತ್ತಿದ್ದರು. ಹದಿನೈದಕ್ಕೆ ಮದುವೆ, ಇಪ್ಪತ್ತು ತುಂಬುವ ಹೊತ್ತಿಗೆ ನಾಲ್ಕು ಮಕ್ಕಳು. ತಾವು ಮದುವೆಯಾದದ್ದು ಹದಿಮೂರಕ್ಕೆ ಎಂದು ಅವರು ಬಹುಕಾಲ ಹೇಳಿಕೊಂಡು ಬಂದಿದ್ದರು. 2012ರಲ್ಲಿ ಜನನ ದಾಖಲೆ ಹೊರಬಂದು ಲೆಕ್ಕ ಸರಿಹೋಯಿತು. ನಮ್ಮ ಕಡೆ ಅರ್ಧ ಊರಿನ ಹುಟ್ಟಿದ ದಿನವನ್ನು ಮೇಷ್ಟ್ರೇ ಜೂನ್ 1 ಎಂದು ಬರೆದುಕೊಂಡಿರುವುದರಿಂದ ಈ ವಿಷಯದಲ್ಲಿ ನಾನು ಅವರನ್ನು ಆಕ್ಷೇಪಿಸಲಾರೆ. ಗಂಡ ತಂದುಕೊಟ್ಟ ಹದಿನೇಳು ಡಾಲರಿನ ಗಿಟಾರಿನಲ್ಲಿ ತಾವೇ ಕಲಿತು, 1960ರಲ್ಲಿ ಮೊದಲ ಹಾಡನ್ನು ಮುದ್ರಿಸಿಕೊಂಡು, ಗಂಡ ಹೆಂಡತಿ ಇಬ್ಬರೂ ಕಾರಿನಲ್ಲಿ ರೇಡಿಯೋ ಕೇಂದ್ರದಿಂದ ಕೇಂದ್ರಕ್ಕೆ ಅದನ್ನು ಹೊತ್ತು ತಿರುಗಿದರು. ಟೆಡ್ ವೆಬ್ ತೀರಿಕೊಂಡದ್ದು 1959ರಲ್ಲಿ. ಮಗಳ ಒಂದು ರೆಕಾರ್ಡನ್ನೂ ಅವರು ಕೇಳಲಿಲ್ಲ.

1970ರಲ್ಲಿ ಬಂದ, ಅಂದು ಸಂಜೆ ನಾನು ಕೇಳಿದ ಆ ಹಾಡಿನಲ್ಲಿ ಗೋಳಿಲ್ಲ. ಇರುವುದು ಮನೆಯ ಲೆಕ್ಕ. ಅಪ್ಪ ರಾತ್ರಿಯೆಲ್ಲ ಗಣಿಯಲ್ಲಿ, ಹಗಲೆಲ್ಲ ಮುಸುಕಿನ ಜೋಳದ ಹೊಲದಲ್ಲಿ ದುಡಿಯುತ್ತಿದ್ದದ್ದು, ಚಳಿಗಾಲಕ್ಕೆ ಮಾತ್ರ ಮಕ್ಕಳಿಗೆ ಬೂಟು ಬರುತ್ತಿದ್ದದ್ದು, ಬಟ್ಟೆ ಉಜ್ಜಿ ಉಜ್ಜಿ ಅಮ್ಮನ ಬೆರಳಲ್ಲಿ ರಕ್ತ ಬರುತ್ತಿದ್ದದ್ದು ಇವನ್ನೆಲ್ಲ ಅವರು ಮಾರ್ವಾಡಿ ಅಂಗಡಿಯ ಪುಸ್ತಕದಂತೆ ಒಂದೊಂದಾಗಿ ಓದಿ ಹೇಳುತ್ತಾರೆ. ಆ ಬೆರಳುಗಳ ಮಾತು ಬಂದಾಗಲೆಲ್ಲ ನನಗೆ ನಮ್ಮ ಲೈನ್ ಮನೆಯ ಮುಂದಿನ ಒಗೆಯುವ ಕಲ್ಲು ಕಾಣುತ್ತದೆ. ತಂದೆಯವರು ಶಿಫ್ಟ್ ಮುಗಿಸಿ ಬಂದ ಮೇಲೆ ಅಮ್ಮ ಅವರ ಷರ್ಟನ್ನು ಮೊದಲು ಒಣಗಿದ್ದಂತೆಯೇ ಗೋಡೆಗೆ ಬಡಿಯುತ್ತಿದ್ದರು, ಆಮೇಲೆ ನೀರಿಗೆ ಹಾಕುತ್ತಿದ್ದರು. ಮೂರನೆಯ ಬಕೆಟ್ಟಿನವರೆಗೂ ನೀರು ಬೂದಿ ಬಣ್ಣದಲ್ಲೇ ಇಳಿಯುತ್ತಿತ್ತು. ಕಲ್ಲಿನ ಆ ಪುಡಿ ಷರ್ಟಿಗೆ ಮಾತ್ರ ಹತ್ತುತ್ತಿರಲಿಲ್ಲ, ಶ್ವಾಸಕೋಶದಲ್ಲಿ ಕೂತು ಸಿಲಿಕೋಸಿಸ್ ಎಂಬ ಕಾಯಿಲೆ ಆಗುತ್ತದೆ ಎಂಬುದು ನಮ್ಮ ಸಾಲಿನ ಪ್ರತಿ ಮನೆಗೂ ಗೊತ್ತಿದ್ದ ವಿಷಯ. ಅವರಿಗೆ ಕಲ್ಲಿದ್ದಲ ಧೂಳು, ನಮಗೆ ಚಿನ್ನದ ಕಲ್ಲಿನ ಧೂಳು.

ಇದೊಂದೇ ಹಾಡಾಗಿದ್ದರೆ ನಾನು ಅವರನ್ನು ಗೌರವಿಸುತ್ತಿದ್ದೆನೇ ಹೊರತು ಇಷ್ಟು ಪ್ರೀತಿಸುತ್ತಿರಲಿಲ್ಲ. ಪ್ರೀತಿ ಹುಟ್ಟಿದ್ದು ಅವರ ಜಗಳದ ಹಾಡುಗಳಿಂದ. ಕುಡಿದು ಬರುವ ಗಂಡನಿಗೆ ಬಾಗಿಲಲ್ಲೇ ಬುದ್ಧಿ ಹೇಳುವ ಹಾಡು 1967ರಲ್ಲಿ ಕಂಟ್ರಿ ಹಾಡುಗಳ ಜನಪ್ರಿಯತೆಯ ಪಟ್ಟಿಯಲ್ಲಿ ಅವರಿಗೆ ಮೊದಲ ಸಲ ಅಗ್ರಸ್ಥಾನ ತಂದುಕೊಟ್ಟಿತು. ಗಂಡನ ಮೇಲೆ ಕಣ್ಣು ಹಾಕಿದವಳಿಗೆ ಮುಷ್ಟಿ ತೋರಿಸುವ ಹಾಡು ಮರುವರ್ಷ ಬಂತು. ನಮ್ಮ ಅಜ್ಜಿ ರಾಗಿ ಬೀಸುತ್ತಾ ಹಾಡುತ್ತಿದ್ದ ಪದಗಳಲ್ಲಿಯೂ ಅತ್ತೆ, ನಾದಿನಿ, ಗಂಡ ಯಾರೂ ತಪ್ಪಿಸಿಕೊಳ್ಳುತ್ತಿರಲಿಲ್ಲ. ಎದುರಿಗೆ ಆಡಲಾಗದ ಮಾತನ್ನು ಕಲ್ಲಿನ ಸದ್ದಿನ ನಡುವೆ ಆಡಿಬಿಡುವ ಆ ಜಾಣತನವನ್ನೇ ಲೊರೆಟ್ಟಾ ಮೈಕಿನ ಮುಂದೆ ನಿಂತು, ಗಂಡ ಕೇಳಿಸಿಕೊಳ್ಳುತ್ತಿರುವಾಗಲೇ ತೋರಿದರು. 1975ರಲ್ಲಿ ಗರ್ಭನಿರೋಧಕ ಮಾತ್ರೆಯ ಮೇಲೆ ಅವರು ಹಾಡಿದ್ದನ್ನು ಅನೇಕ ರೇಡಿಯೋ ಕೇಂದ್ರಗಳು ಹಾಕಲೇ ಇಲ್ಲ. ಆರು ಮಕ್ಕಳನ್ನು ಹೆತ್ತವರಿಗೆ ಆ ವಿಷಯ ಮಾತನಾಡುವ ಹಕ್ಕಿಲ್ಲವೆಂದರೆ ಇನ್ಯಾರಿಗಿದೆಯೋ ನಾನರಿಯೆ.

ಪ್ರಶಸ್ತಿಗಳ ಪಟ್ಟಿ ಉದ್ದವಿದೆ. ಕಂಟ್ರಿ ಮ್ಯೂಸಿಕ್ ಅಸೋಸಿಯೇಷನ್ ನೀಡುವ ವರ್ಷದ ಅತ್ಯುನ್ನತ ಕಲಾವಿದರ ಗೌರವವನ್ನು 1972ರಲ್ಲಿ ಪಡೆದ ಮೊದಲ ಮಹಿಳೆ ಅವರು ಎಂಬುದಷ್ಟು ಸಾಕು. ನನಗೆ ಹೆಚ್ಚು ಬೆರಗು ತಂದದ್ದು 2004ರಲ್ಲಿ, ಎಪ್ಪತ್ತು ದಾಟಿದ ಮೇಲೆ, ತಮಗಿಂತ ನಲವತ್ತಕ್ಕೂ ಹೆಚ್ಚು ವರ್ಷ ಚಿಕ್ಕವರಾದ ರಾಕ್ ಸಂಗೀತಗಾರ ಜಾಕ್ ವೈಟ್ ಜೊತೆ ಅವರು ಮಾಡಿದ ಆಲ್ಬಮ್. ಗಿಟಾರಿನ ಅಷ್ಟು ಅಬ್ಬರದ ನಡುವೆಯೂ ಆ ಹಿತ್ತಲಿನ ಕೂಗು ಹಾಗೆಯೇ ಉಳಿದಿದೆ.

ಕೆಜಿಎಫ್ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಲೊರೆಟ್ಟಾ 2022ರ ಅಕ್ಟೋಬರ್ 4ರಂದು, ತೊಂಬತ್ತನೆಯ ವಯಸ್ಸಿನಲ್ಲಿ ತೀರಿಕೊಂಡರು. ಆ ಸುದ್ದಿ ಬಂದ ವಾರ ನಾನು ಬೆಂಗಳೂರಿನಿಂದ ಮಾರಿಕುಪ್ಪಂ ರೈಲು ಹಿಡಿದು ಊರಿಗೆ ಹೋಗಿ, ಮೊಬೈಲಿನಲ್ಲಿ ಆ ಹಾಡು ಹಾಕಿ, ತಂದೆಯವರಿಗೆ ಸಾಲು ಸಾಲಾಗಿ ಕನ್ನಡದಲ್ಲಿ ಹೇಳಿದೆ. ಅಮ್ಮನ ಬೆರಳಿನ ಮಾತಿಗೆ ಅವರು ಏನೂ ಹೇಳಲಿಲ್ಲ. ಹಾಡು ಮುಗಿದ ಮೇಲೆ ಕೆಮ್ಮು ಸುಧಾರಿಸಿಕೊಂಡು, “ರಾತ್ರಿಯೆಲ್ಲ ಗಣಿ, ಹಗಲೆಲ್ಲ ಹೊಲ ಅಂತೀಯ. ಹಂಗಾದ್ರೆ ಆ ಯಪ್ಪ ಮಲಗ್ತಿದ್ದಿದ್ದು ಯಾವಾಗಮ್ಮ?” ಎಂದು ಕೇಳಿದರು.