ಒಂದೇ ಸಲಕ್ಕೆ ಹೇಗೆ ಕೂರಿಸ್ತೀರಿ ಅಂತ ಕೇಳುವವರಿಗೆ

ದೋಣಿಯ ಟ್ರೇಲರ್ ಸಿಕ್ಕಿಸಲು ಪಿಕಪ್ ಟ್ರಕ್ಕನ್ನು ರಿವರ್ಸ್ ತೆಗೆದುಕೊಳ್ಳುವಾಗ ಯಾರಾದರೂ ನೋಡುತ್ತಾ ನಿಂತಿದ್ದರೆ ಈ ಪ್ರಶ್ನೆ ಬಂದೇ ಬರುತ್ತದೆ. "ಒಂದೇ ಸಲಕ್ಕೆ ಅಷ್ಟು ಕರೆಕ್ಟಾಗಿ ಹೇಗೆ ತರ್ತೀರಿ?" ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಒಂದೇ ಸಲಕ್ಕೆ ತರುವುದಿಲ್ಲ. ತರಬೇಕಾಗಿಯೂ ಇಲ್ಲ. ಹತ್ತಿರ ಬಂದ ಮೇಲೆ ಗಾಡಿ ನಿಲ್ಲಿಸಿ, ಇಳಿದು, ಹಿಂದೆ ಹೋಗಿ ನೋಡುತ್ತೇನೆ. ಮತ್ತೆ ಹತ್ತಿ ಇನ್ನಷ್ಟು ಹಿಂದೆ ಬರುತ್ತೇನೆ. ಬೇಕಾದರೆ ಮತ್ತೆ ಇಳಿಯುತ್ತೇನೆ. ಇಳಿದು ನೋಡುವುದು ಬರದವರ ಕೆಲಸ ಅಂತ ಯಾರು ಹೇಳಿಕೊಟ್ಟರೋ!

"ಸ್ಟೇರಿಂಗ್ ಉಲ್ಟಾ ತಿರುಗಿಸಬೇಕಲ್ವಾ?" ಅಂತಲೂ ಕೇಳುತ್ತಾರೆ. ಅಲ್ಲ. ಅದು ಟ್ರೇಲರ್ ಸಿಕ್ಕಿಸಿದ ಮೇಲೆ ಅದನ್ನು ಹಿಂದಕ್ಕೆ ತಳ್ಳುವಾಗಿನ ಮಾತು. ಇಲ್ಲಿ ಟ್ರೇಲರ್ ಇನ್ನೂ ಸುಮ್ನೆ ನಿಂತಿದೆ. ನೀವು ಸ್ಟೇರಿಂಗ್ ಬಲಕ್ಕೆ ತಿರುಗಿಸಿದರೆ ಟ್ರಕ್ಕಿನ ಹಿಂಭಾಗ ಬಲಕ್ಕೇ ಹೋಗುತ್ತದೆ, ಅಷ್ಟೇ.

ಕಷ್ಟ ಇರುವುದು ಅಡ್ಡ ಅಳತೆಯಲ್ಲಿ. ಹಿಂದೆ ಮುಂದೆ ಸ್ವಲ್ಪ ತಪ್ಪಿದ್ದರೆ ಬ್ರೇಕ್ ಸಡಿಲಿಸಿ ಸರಿಮಾಡಬಹುದು. ಪಕ್ಕಕ್ಕೆ ನಾಲ್ಕು ಬೆರಳು ತಪ್ಪಿದ್ದರೆ ಆ ಕೊನೆಯ ಒಂದಡಿಯಲ್ಲಿ ಸ್ಟೇರಿಂಗ್ ಎಷ್ಟು ತಿರುಗಿಸಿದರೂ ಪ್ರಯೋಜನ ಇಲ್ಲ. ಬಾಲ್, ಅಂದರೆ ಟ್ರೇಲರ್ ಕೂರಲು ಟ್ರಕ್ಕಿನ ಹಿಂದೆ ಇರುವ ಲೋಹದ ಗುಂಡು, ಅಡ್ಡಕ್ಕೆ ಸರಿಯಬೇಕಾದರೆ ಟ್ರಕ್ ಒಂದಿಷ್ಟು ದೂರ ಓಡಲೇಬೇಕು. ಹಾಗಾಗಿ ದೂರದಲ್ಲೇ ಟ್ರೇಲರಿನ ನೇರಕ್ಕೆ ಬನ್ನಿ. ಹತ್ತಿರ ಬಂದಾಗ ಸ್ಟೇರಿಂಗ್ ಮುಟ್ಟುವ ಕೆಲಸ ಉಳಿದಿರಬಾರದು. ಉಳಿದಿದ್ದರೆ ಮುಂದೆ ಹೋಗಿ ಮತ್ತೆ ಬನ್ನಿ. ಇನ್ನೊಂದು ಮಾತು, ಟ್ರೇಲರಿನ ಮೂತಿಯಲ್ಲಿರುವ, ಬಾಲಿನ ಮೇಲೆ ಕೂರುವ ಕಪ್ಲರನ್ನು ಮೊದಲೇ ಜ್ಯಾಕ್ ತಿರುಗಿಸಿ ಬಾಲಿಗಿಂತ ಎತ್ತರಕ್ಕೆ ಏರಿಸಿರಬೇಕು. ಹಿಂದಿನ ಕ್ಯಾಮೆರಾ ನೇರ ತೋರಿಸುತ್ತದೆ, ಎತ್ತರವನ್ನು ಅಷ್ಟು ಚೆನ್ನಾಗಿ ತೋರಿಸುವುದಿಲ್ಲ.

ಕ್ಯಾಮೆರಾ ಇರುವಾಗ ಇದೇನು ಮಹಾ ಅನ್ನುವವರಿಗೂ ಒಂದು ಮಾತಿದೆ. ಅಮೆರಿಕದಲ್ಲಿ 2018ರ ಮೇ ತಿಂಗಳಿಂದ ಹೊಸ ಕಾರು, ಪಿಕಪ್‌ಗಳಿಗೆ ಹಿಂದಿನ ಕ್ಯಾಮೆರಾ ಕಡ್ಡಾಯ. ಆ ನಿಯಮ ಬಂದಿದ್ದು ಬಾಲ್ ಕೂರಿಸಲಿ ಅಂತಲ್ಲ. ರಿವರ್ಸ್ ಬರುವ ಗಾಡಿಯ ಹಿಂದೆ ಇರುವ ಮಕ್ಕಳು ಕಾಣಲಿ ಅಂತ. ಗಾಡಿಯ ಹಿಂದೆ ಜನ ಸಾಯುತ್ತಾರೆ ಅನ್ನುವುದನ್ನು ಒಪ್ಪಿಕೊಂಡ ನಿಯಮ ಅದು.

ಇದನ್ನು ಯಾಕೆ ಎತ್ತಿದೆ ಅಂದರೆ, ಒಮ್ಮೆ ಒಬ್ಬರು ಸಹಾಯಕ್ಕೆ ಬಂದರು. ಒಳ್ಳೆಯ ಮನುಷ್ಯ. "ಬನ್ನಿ, ಬನ್ನಿ" ಅನ್ನುತ್ತಾ ಟ್ರಕ್ಕಿಗೂ ಟ್ರೇಲರಿಗೂ ನಡುವೆ ಬಗ್ಗಿ ಕಪ್ಲರ್ ಮೇಲೆ ಕೈ ಇಟ್ಟರು. "ಸ್ವಲ್ಪ ಪಕ್ಕ ಇದ್ರೆ ನಾನು ಕೈಯಲ್ಲೇ ಎಳ್ಕೋತೀನಿ." ನಾನು ಎಂಜಿನ್ ಆಫ್ ಮಾಡಿದೆ. ಹೊರಗೆ ಬನ್ನಿ ಅಂದೆ. ಅವರಿಗೆ ಬೇಜಾರಾಯಿತು. "ಇಷ್ಟು ನಿಧಾನ ಬರ್ತಿದೀರಲ್ಲ, ಏನಾಗುತ್ತೆ?" ಅಂದರು.

ಏನಾಗುತ್ತೆ ಅಂದರೆ, ಕಾಲು ಬ್ರೇಕಿನಿಂದ ಒಂದು ಸಲ ಜಾರಿದರೆ ಸಾಕು. ದೊಡ್ಡ ಪಿಕಪ್ ಎರಡು ಟನ್ನಿಗಿಂತ ಜಾಸ್ತಿ ತೂಗುತ್ತದೆ. ನಡುವೆ ಉಳಿದಿರುವ ಜಾಗ ಒಂದು ಗೇಣು. ಅಲ್ಲಿ ನಿಧಾನ, ಜೋರು ಅನ್ನುವ ಲೆಕ್ಕವೇ ಇಲ್ಲ. ತೋರಿಸುವವರು ಪಕ್ಕದಲ್ಲಿ, ಡ್ರೈವರಿನ ಕನ್ನಡಿಯಲ್ಲಿ ಕಾಣುವ ಹಾಗೆ ನಿಲ್ಲಬೇಕು. ಕನ್ನಡಿಯಲ್ಲಿ ನಿಮ್ಮ ಮುಖ ಕಾಣದಿದ್ದರೆ ನಾನು ಗಾಡಿ ಕದಲಿಸುವುದಿಲ್ಲ. ಬೇಜಾರಾದರೆ ಆಗಲಿ.

ಇಷ್ಟೆಲ್ಲ ಜನ ಕೇಳಿದ್ದಾರೆ. ಕೇಳಬೇಕಾದದ್ದನ್ನು ಮಾತ್ರ ಯಾರೂ ಕೇಳಲಿಲ್ಲ. ಸರಿಯಾಗಿ ಕೂತಿದೆ ಅಂತ ಹೇಗೆ ಗೊತ್ತಾಗುತ್ತೆ? ಬಾಲಿನ ನೇರಕ್ಕೆ ಬರಲು ಹತ್ತು ಸಲ ಬೇಕಾದರೂ ಯಾರಿಗೂ ನಷ್ಟವಿಲ್ಲ. ಕೂರದೇ ಕೂತ ಹಾಗೆ ಕಾಣುವ ಕಪ್ಲರ್ ರಸ್ತೆಯಲ್ಲಿ ಎದುರಿಗೆ ಬರುವವರ ಪ್ರಾಣ ತೆಗೆಯಬಹುದು.

ಮೊದಲು ಬಾಲಿನ ಅಳತೆ ಓದಿ. ಸಾಮಾನ್ಯವಾಗಿ ಅದರ ನೆತ್ತಿಯ ಮೇಲೆ ಒತ್ತಿರುತ್ತಾರೆ. 1⅞ ಇಂಚು, 2 ಇಂಚು, 2 5/16 ಇಂಚು, ಹೀಗೆ ಬೇರೆ ಬೇರೆ ಇವೆ. ಯುರೋಪಿನ ಬಾಲ್ 50 ಮಿ.ಮೀ. 2 5/16ರ ಕಪ್ಲರಿಗೆ 2 ಇಂಚಿನ ಬಾಲ್ ಸಲೀಸಾಗಿ ಹೋಗುತ್ತದೆ, ಅದನ್ನು ಬಾಲಿಗೆ ಬಿಗಿಯುವ ಲ್ಯಾಚ್ ಕೂಡ ಬೀಳುತ್ತದೆ. ವ್ಯತ್ಯಾಸ ಸುಮಾರು 8 ಮಿ.ಮೀ. ಒಂದು ದೊಡ್ಡ ಹಳ್ಳ ಹಾರಿದಾಗ ಕಳಚಿಕೊಳ್ಳಲು ಅಷ್ಟು ಸಾಕು.

ಅಳತೆ ಸರಿ ಇದ್ದರೂ ಲ್ಯಾಚ್ ಮೋಸ ಮಾಡಬಹುದು. ಬಾಲ್ ಪೂರ್ತಿ ಒಳಗೆ ಹೋಗದೆ, ಕಪ್ಲರ್ ಬರೀ ತನ್ನ ಭಾರಕ್ಕೆ ಅದರ ಮೇಲೆ ಕೂತಿರಬಹುದು. ಹಾಗಾಗಿ ಹ್ಯಾಂಡ್‌ಬ್ರೇಕ್ ಹಾಕಿ, ಆಮೇಲೆ ಪಾರ್ಕ್ ಗೇರಿಗೆ ಹಾಕಿ. ಈ ಕ್ರಮ ತಪ್ಪಿದರೆ ಬ್ರೇಕಿನಿಂದ ಕಾಲು ತೆಗೆದಾಗ ಟ್ರಕ್ ಒಂದಿಷ್ಟು ಸರಿದು, ಕೂಡಿಸಿದ ನೇರ ಕೆಡುತ್ತದೆ. ಕಪ್ಲರ್ ಇಳಿಸಿ, ಲ್ಯಾಚ್ ಹಾಕಿ, ಪಿನ್ ಹಾಕಿ. ಈಗ ಅದೇ ಜ್ಯಾಕನ್ನು ಮತ್ತೆ ಮೇಲಕ್ಕೆ ತಿರುಗಿಸಿ. ಟ್ರಕ್ಕಿನ ಹಿಂಭಾಗ ಜೊತೆಗೇ ಮೇಲೇಳಬೇಕು. ಕಪ್ಲರ್ ಒಂದೇ ಎದ್ದು ಬಂದರೆ ಅದು ಹಿಡಿದೇ ಇರಲಿಲ್ಲ. ಒಂದು ನಿಮಿಷದ ಕೆಲಸ ಇದು. ಮಾಡುವವರು ಎಷ್ಟು ಕಡಿಮೆ ಅಂತ ನೋಡಿದರೆ ಹೊಟ್ಟೆ ಉರಿಯುತ್ತದೆ.

ಆಮೇಲೆ ಸುರಕ್ಷತಾ ಸರಪಳಿಗಳನ್ನು ಕಪ್ಲರಿನ ಕೆಳಗೆ ಒಂದರ ಮೇಲೊಂದು ಅಡ್ಡ ಬರುವಂತೆ ಹಾಕಿ. ಕಪ್ಲರ್ ಕಳಚಿದರೂ ನೆಲಕ್ಕೆ ಬೀಳದೆ ಆ ಕತ್ತರಿಯಲ್ಲಿ ನಿಲ್ಲಲಿ ಅಂತ. ಕೊನೆಗೆ ಜ್ಯಾಕ್ ಮಡಚಿ, ಲೈಟಿನ ಪ್ಲಗ್ ಸಿಕ್ಕಿಸಿ. ಸಹಾಯ ಮಾಡಲೇಬೇಕು ಅಂತ ಯಾರಾದರೂ ನಿಂತಿದ್ದರೆ, ಹ್ಯಾಂಡ್‌ಬ್ರೇಕ್ ಹಾಕಿರುವಾಗ ಅವರನ್ನು ದೋಣಿಯ ಹಿಂದಿನ ಮೂಲೆಗೆ ಕಳಿಸಿ. ನೀವು ಬ್ರೇಕ್ ಒತ್ತಿ, ಇಂಡಿಕೇಟರ್ ಹಾಕಿ. ಯಾವ ಲೈಟ್ ಹತ್ತುತ್ತಿಲ್ಲ ಅಂತ ಅವರು ಕೂಗಿ ಹೇಳಲಿ.