ರೆಸ್ಯೂಮೆ ಮೇಲೆ ವಡೆ ಎಣ್ಣೆ

ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಒಂದು ಬಿಡಿಭಾಗಗಳ ಕಾರ್ಖಾನೆಯಲ್ಲಿ ನನಗೆ ಎಚ್‌ಆರ್ ಕೆಲಸ. ಕಾಲೇಜಿನ ಉದ್ಯೋಗ ಮೇಳ ಇರಲಿ, ಸಂಜೆ ಹೋಟೆಲಿನಲ್ಲಿ ನಡೆಯೋ ನೆಟ್‌ವರ್ಕಿಂಗ್ ಮೀಟ್ ಇರಲಿ, ಒಂಬತ್ತು ವರ್ಷದಿಂದ ನನ್ನನ್ನೇ ಅಟ್ಟುತ್ತಾರೆ.

ಮೊನ್ನೆ ಒಬ್ಬ ಹುಡುಗ ಬಂದ. ಎಡಗೈಲಿ ಮದ್ದೂರು ವಡೆ ಪ್ಲೇಟು, ಬಲಗೈಲಿ ಕಾಫಿ, ಕಂಕುಳಲ್ಲಿ ರೆಸ್ಯೂಮೆ. ನನ್ನನ್ನು ನೋಡಿ ಗಡಿಬಿಡಿಯಾಗಿ ಲೋಟವನ್ನು ವಡೆ ಮೇಲೇ ಇಟ್ಟು ಹಾಳೆ ಎಳೆದು ಕೊಟ್ಟ. ಪರ್ಸೆಂಟೇಜ್ ಬರೆದ ಜಾಗದಲ್ಲೇ ಎಣ್ಣೆ. 'ಮೇಡಂ, ಯಾವ್ದಾದ್ರೂ ಕೆಲ್ಸ ಇದ್ರೆ ಹೇಳಿ' ಅಂದ. ಯಾವುದಾದರೂ ಅಂದರೆ ನಾನು ಯಾವುದು ಅಂತ ಹೇಳಲಿ? 'ಮೇಲ್ ಮಾಡಿ' ಅಂದೆ. ನಮ್ಮ ಕಸುಬಿನಲ್ಲಿ ಅದರ ಅರ್ಥ ಹೆಚ್ಚುಕಮ್ಮಿ 'ಇಲ್ಲ' ಅಂತಲೇ.

ಅವನನ್ನು ಬೈಯೋಕೆ ಮನಸ್ಸಿಲ್ಲ. ಬೆಳಿಗ್ಗೆ ಕೆ.ಆರ್. ಪೇಟೆಯಿಂದಲೋ ಮಳವಳ್ಳಿಯಿಂದಲೋ ಬಸ್ಸು ಹತ್ತಿದವರಿಗೆ ಹಸಿವಾಗಿರುತ್ತೆ. ಮೊದಲು ತಿಂದು, ಕೈ ತೊಳೆದು ಬನ್ನಿ. ನಾವೂ ವಡೆಗೇ ಕಾಯ್ತಿರ್ತೀವಿ, ಎಲ್ಲೂ ಓಡಿಹೋಗಲ್ಲ.

ಆಮೇಲೆ ಮಂಡ್ಯದ ಡಿಪ್ಲೊಮಾ ಹುಡುಗಿಯೊಬ್ಬಳು ಬಂದಳು. 'ಮೇಡಂ, ನಿಮ್ಮಲ್ಲಿ ಸಿಎನ್‌ಸಿ ಮಷಿನ್‌ಗೆ ಟೂಲ್ ಆಫ್‌ಸೆಟ್ ಕೊಡೋದು ಆಪರೇಟರೇನಾ, ಸೆಟ್ಟರ್ ಬೇರೆ ಇದಾರಾ?' ಅಂದರೆ ಕಂಪ್ಯೂಟರ್ ನಡೆಸೋ ಆ ಮಷಿನ್‌ಗೆ ಕತ್ತರಿಸೋ ಟೂಲಿನ ಅಳತೆ ತುಂಬೋದು ಅದನ್ನು ಓಡಿಸೋರೇನಾ, ಸಜ್ಜು ಮಾಡಿಕೊಡೋರು ಬೇರೆ ಇದಾರಾ ಅಂತ. ನನಗೆ ಗೊತ್ತಿರಲಿಲ್ಲ! ಅಲ್ಲೇ ನಿಂತು ಪ್ರೊಡಕ್ಷನ್ ಮ್ಯಾನೇಜರಿಗೆ ಫೋನ್ ಮಾಡಿದೆ. 'ಸೆಟ್ಟರ್ ಬೇರೆ. ಯಾರ್ರೀ ಕೇಳಿದ್ದು ಅದನ್ನ?' ಅಂದರು.

ಅವಳು ಕೆಲಸ ಇದೆಯಾ ಅಂತಲೂ ಕೇಳಲಿಲ್ಲ, 'ಅಪ್ರೆಂಟಿಸ್ ಯಾವಾಗ ತಗೋತೀರಾ?' ಅಂದಳು. 1961ರ ಅಪ್ರೆಂಟಿಸ್ ಕಾಯ್ದೆಯ ನಿಯಮದ ಪ್ರಕಾರ 30 ಅಥವಾ ಹೆಚ್ಚು ಜನ ದುಡಿಯೋ ಸಂಸ್ಥೆ ಒಟ್ಟು ಸಿಬ್ಬಂದಿಯ ಶೇ 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. ಹಾಗಾಗಿ ಕಾಯಂ ಹುದ್ದೆ ಖಾಲಿ ಇಲ್ಲದ ವರ್ಷವೂ ಈ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರುತ್ತೆ. ತೂಬಿನಕೆರೆ, ನಂಜನಗೂಡು, ಕೂರ್ಗಳ್ಳಿ ಕಡೆಯ ಕಾರ್ಖಾನೆಗಳವರು ಸಿಕ್ಕರೂ ಇದನ್ನೇ ಕೇಳಿ.

ನಾನೇನು ಹುಟ್ಟುಬುದ್ಧಿವಂತೆಯಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಇಂಥದೇ ಮೀಟ್‌ನ ಕಾಫಿ ಸಾಲಿನಲ್ಲಿ ನಿಂತು ಹಳೇ ಮ್ಯಾನೇಜರನ್ನು ಚೆನ್ನಾಗಿ ಆಡಿಕೊಂಡಿದ್ದೆ. ಕೇಳಿಸಿಕೊಂಡು ನಗುತ್ತಿದ್ದವರು ಅವರ ಭಾವಮೈದ. ಕುವೆಂಪುನಗರದಲ್ಲಿ ಸೀನಿದರೆ ಸರಸ್ವತಿಪುರಂನಲ್ಲಿ ಚಿರಂಜೀವಿ ಅನ್ನೋ ಊರು ಇದು. ಆ ಮ್ಯಾನೇಜರು ಈಗಲೂ ಎದುರು ಸಿಕ್ಕರೆ 'ಕಾಫಿ ಆಯ್ತಾ?' ಅಂತಲೇ ಮಾತು ಶುರುಮಾಡೋದು.

ವಿಸಿಟಿಂಗ್ ಕಾರ್ಡು ಎಷ್ಟು ಹಂಚಿದಿರಿ ಅನ್ನೋದು ಲೆಕ್ಕಕ್ಕೇ ಬರಲ್ಲ. ಲೆಕ್ಕಕ್ಕೆ ಬರೋದು ಮಾರನೇ ದಿನದ ಮೆಸೇಜು. ಬರೀ 'ನಿನ್ನೆ ಭೇಟಿಯಾಗಿದ್ದೆ' ಅಂತ ಹತ್ತಾರು ಜನ ಕಳಿಸಿದರೆ ಯಾರ ಮುಖವೂ ನೆನಪಿಗೆ ಬರಲ್ಲ. ಬೆಳಿಗ್ಗೆ ಹತ್ತಕ್ಕೆ ಆ ಹುಡುಗಿಯದು ಬಂತು: 'ಟೂಲ್ ಆಫ್‌ಸೆಟ್ ಕೇಳಿದ್ದೆ ಮೇಡಂ, ರೆಸ್ಯೂಮೆ ಇದರ ಜೊತೆ ಇದೆ.' ಹೆಸರು ನೋಡೋ ಮೊದಲೇ ಪ್ರೊಡಕ್ಷನ್ ಮ್ಯಾನೇಜರಿಗೆ ಫಾರ್ವರ್ಡ್ ಮಾಡಿದೆ.