ಮೇಲುಕೋಟೆಯಲ್ಲಿ ಮಿನುಗಿದ ಕೆಂಪು ದೀಪ

ಯೋಗನರಸಿಂಹನ ಬೆಟ್ಟ ಇಳಿದು ಕಾರಿನ ಹತ್ತಿರ ಬರುವಷ್ಟರಲ್ಲಿ ಕತ್ತಲಾಗಿತ್ತು. ಮಂಡಿನೋವಿನ ಅಮ್ಮ ಮೆಟ್ಟಿಲು ಹತ್ತಿಳಿದು ತುಂಬಾ ಸುಸ್ತಾಗಿದ್ದರು. ಕೀ ತಿರುಗಿಸಿದೆ. ಎಂಜಿನ್ ಸ್ಟಾರ್ಟ್ ಆಯ್ತು, ಎರಡೇ ಸೆಕೆಂಡಿಗೆ ನಿಂತಿತು. ಮತ್ತೆ ತಿರುಗಿಸಿದೆ, ಅದೇ ಕಥೆ. ಮೀಟರ್ ಪಕ್ಕದಲ್ಲಿ ಕಾರಿನ ಚಿತ್ರ, ಅದರೊಳಗೊಂದು ಕೀ. ಕೆಂಪಗೆ ಪಟಪಟ ಮಿನುಗುತ್ತಿತ್ತು.

ಪೆಟ್ರೋಲ್ ಇತ್ತು. ಹೆಡ್‌ಲೈಟೂ ಜೋರಾಗಿಯೇ ಉರಿಯುತ್ತಿತ್ತು. ಮೈಸೂರಿಗೆ ಇನ್ನೂ 50 ಕಿ.ಮೀ. "ಏನಾಯ್ತಪ್ಪಾ?" ಅಂದರು ಅಮ್ಮ. ಉತ್ತರ ಗೊತ್ತಿರಲಿಲ್ಲ. ನಿಜ ಹೇಳಬೇಕೆಂದರೆ ಕೈ ನಡುಗುತ್ತಿತ್ತು.

ನಮ್ಮ ಬೀದಿಯ ಮೆಕ್ಯಾನಿಕ್‌ಗೆ ಫೋನ್ ಮಾಡಿದೆ. ಸೆಲ್ಫ್ ಹೊಡೆಯುತ್ತಾ ಅಂತ ಕೇಳಿದರು. ಆಮೇಲೆ, "ಇಮ್ಮೊಬಿಲೈಸರ್ ಸಾರ್, ಕಾರು ಕಳವಾಗದಂತೆ ಎಂಜಿನ್ ತಡೆಯೋ ವ್ಯವಸ್ಥೆ. ಕಾರಿಗೆ ನಿಮ್ಮ ಕೀ ಗುರುತು ಸಿಗ್ತಿಲ್ಲ. ಗೊಂಚಲಲ್ಲಿ ಬೇರೆ ಕಾರಿನ ಕೀ ಇದೆಯಾ?"

ಇತ್ತು! ತಮ್ಮನ ಕಾರಿನ ಕೀ. ಎಲ್ಲಾದರೂ ಕಳೆದೀತು ಅಂತ ಬೆಳಿಗ್ಗೆಯೇ ಒಂದೇ ರಿಂಗಿಗೆ ಸೇರಿಸಿದ್ದೆ.

ಅವರು ಬಿಡಿಸಿ ಹೇಳಿದರು. ಕೀಯ ಪ್ಲಾಸ್ಟಿಕ್ ತಲೆಯೊಳಗೆ ಚಿಕ್ಕ ಚಿಪ್ ಇರುತ್ತೆ. ಅದಕ್ಕೆ ಬ್ಯಾಟರಿ ಬೇಡ. ಕೀ ಹಾಕುವ ಜಾಗದ ಸುತ್ತ ತಂತಿಯ ಸುರುಳಿ ಇದೆ, ಚಿಪ್‌ಗೆ ಶಕ್ತಿ ಅಲ್ಲಿಂದಲೇ. ಚಿಪ್ ತನ್ನ ಕೋಡ್ ಹೇಳುತ್ತೆ. ಅದು ಹೊಂದಿದರೆ ಮಾತ್ರ ಕಾರು ಎಂಜಿನ್ ಓಡೋಕೆ ಬಿಡುತ್ತೆ. ಪಕ್ಕದಲ್ಲೇ ಇನ್ನೊಂದು ಚಿಪ್ ಇದ್ದರೆ ಗೊಂದಲ. ಲಾಕ್ ಮಾಡಿ ನಿಲ್ಲಿಸಿದಾಗ ಆ ಕೆಂಪು ದೀಪ ನಿಧಾನವಾಗಿ ಮಿನುಗಿದರೆ ಚಿಂತೆಯಿಲ್ಲವಂತೆ, ಅದು ಕಾವಲಿಗಿದೆ ಅಂತ ಅರ್ಥ. ಕೀ ತಿರುಗಿಸಿದ ಮೇಲೂ ಮಿನುಗಿದರೆ ಗಮನಿಸಬೇಕು. ಕಾರು ಕೈಗೆ ಕೊಟ್ಟ ದಿನ ಇದನ್ನು ಯಾರೂ ಹೇಳಿರಲಿಲ್ಲ. ಹೇಳಬೇಕಿತ್ತು, ಅಲ್ವಾ? ಎರಡು ನಿಮಿಷದ ಮಾತು.

ರಿಂಗ್ ಬಿಗಿಯಾಗಿತ್ತು. ಉಗುರು ಒಳಗೆ ಹೋಗಲೇ ಇಲ್ಲ. ಅಮ್ಮ ಬಳೆಯಲ್ಲಿದ್ದ ಪಿನ್ನು ಬಿಚ್ಚಿ ಕೊಟ್ಟರು. ಮೊಬೈಲ್ ಬೆಳಕು ಹಿಡಿದರು. ಪಿನ್ನಿನ ತುದಿ ತೂರಿಸಿ ರಿಂಗ್ ಅಗಲಿಸಿದೆ. ತಮ್ಮನ ಕೀ ಸುತ್ತಿಕೊಂಡು ಸುತ್ತಿಕೊಂಡು ಕೊನೆಗೆ ಅಮ್ಮನ ಅಂಗೈಗೆ ಬಿತ್ತು.

"ಅದನ್ನ ದೂರ ಇಡಿ, ಸ್ವಲ್ಪ ತಡೆದು ನಿಮ್ಮ ಕೀ ಹಾಕಿ" ಅಂದಿದ್ದರು ಮೆಕ್ಯಾನಿಕ್. ಅಮ್ಮ ಅದನ್ನು ಹಿಡಿದುಕೊಂಡು ಹಿಂದಿನ ಸೀಟಿಗೆ ಹೋಗಿ ಕೂತರು. ನನ್ನ ಕೀ ಒಂದನ್ನೇ ಹಾಕಿ ತಿರುಗಿಸಿದೆ. ಕೆಂಪು ದೀಪ ಒಮ್ಮೆ ಹತ್ತಿ ಆರಿತು. ಎಂಜಿನ್ ಶುರುವಾಯಿತು, ನಿಲ್ಲಲಿಲ್ಲ.

ಮನೆ ಬರುವವರೆಗೂ ಅಮ್ಮ ಮುಂದಿನ ಸೀಟಿಗೆ ಬರಲಿಲ್ಲ. ತಮ್ಮನ ಕೀಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಹಿಂದೆಯೇ ಕೂತಿದ್ದರು.